ಸಾಲಿನ ಮುಂದಿನ ಖಾಲಿ ಜಾಗ

ಕಿರವತ್ತಿಯ ತನುಜಾ ಶಿರಸಿಯ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದಾಗಲೇ ಕಣ್ಣು ಮಂಜಾಗುತ್ತ ಬಂದು, ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. ಹುಬ್ಬಳ್ಳಿಯ ಡಾಕ್ಟರು ಇದಕ್ಕೆ ಮದ್ದಿಲ್ಲವೆಂದರು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ತಂತ್ರಾಂಶವನ್ನು ಇಯರ್‌ಫೋನಿನಲ್ಲಿ ಕೇಳುತ್ತ ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು.

ಉಳಿದದ್ದೆಲ್ಲ ಹೇಗೋ ಕೈಗೆ ಹತ್ತಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾತ್ರ ಹತ್ತಲಿಲ್ಲ. ಆ ಭಾಷೆಯಲ್ಲಿ ಯಾವ ಸಾಲು ಯಾವುದರ ಒಳಗಿದೆ ಎಂಬುದನ್ನು ಸಾಲಿನ ಮುಂದೆ ಬಿಟ್ಟ ಖಾಲಿ ಜಾಗವೇ ಹೇಳಬೇಕು. ಬೇರೆ ಭಾಷೆಗಳಲ್ಲಿರುವ ಹಾಗೆ ಆರಂಭ, ಕೊನೆ ತೋರಿಸುವ ಬ್ರಾಕೆಟ್ ಅದಕ್ಕೆ ಇಲ್ಲ. ಕಿವಿಯಲ್ಲಿ ‘ಎಂಟು ಸ್ಪೇಸ್, ಹನ್ನೆರಡು ಸ್ಪೇಸ್’ ಎಂದು ದನಿ ಎಣಿಸುತ್ತಿದ್ದರೆ, ಬರೆಯಬೇಕಾದದ್ದೇ ತಲೆಯಿಂದ ಜಾರಿಹೋಗುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಯ ದಿನ ಅವಳ ಪ್ರೋಗ್ರಾಂ ಓಡಲೇ ಇಲ್ಲ. ಒಂದು ಸಾಲು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಕೈ ಎತ್ತಿ, ಹೊರಗಿನಿಂದ ಬಂದಿದ್ದ ಪರೀಕ್ಷಕರನ್ನು ಕರೆದಳು.

“ಸರ, ಬ್ರಾಕೆಟ್ ಹಾಕಿ ಬರದ್ರ ನಡೀತೈತೇನ್ರಿ? ಒಳಗಿಂದ್ಯಾವ್ದು ಹೊರಗಿಂದ್ಯಾವ್ದು ನನಗ ತಿಳೀವಲ್ದು.”

“ನಾನು ಒಪ್ಪಿದ್ರೂ ಕಂಪ್ಯೂಟರ್ ಒಪ್ಪಬೇಕಲ್ಲಮ್ಮ,” ಎಂದರು ಅವರು. ದನಿಯಲ್ಲಿ ಕನಿಕರವಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತು. ಫೇಲಾದಳು.

ಆ ಭಾಷೆ ಬಳಸುವವರ ಅಂತರ್ಜಾಲ ವೇದಿಕೆಯೊಂದರಲ್ಲಿ ಅವಳು ಕೇಳಿಕೊಂಡಳು: ನಿಯಮ ಸ್ವಲ್ಪ ಸಡಿಲಿಸಿ, ಬೇಕಾದವರು ಬ್ರಾಕೆಟ್ ಬಳಸಲಿ. ಉತ್ತರಗಳು ಬಂದವು. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಓದುವವರ ಗತಿಯೇನು? ಅಚ್ಚುಕಟ್ಟೇ ಈ ಭಾಷೆಯ ಜೀವ, ನೋಡಿದ ಕೂಡಲೇ ಅರ್ಥವಾಗಬೇಕು. ನೀವು ಬೇರೆ ಭಾಷೆ ಕಲಿಯಿರಿ.

ಅಷ್ಟು ಕೇಳಿ ತನುಜಾ ಇಯರ್‌ಫೋನ್ ಕಿತ್ತಿಟ್ಟಳು. ಪೈಥಾನ್ ಕಲಿಸುತ್ತಿದ್ದ ಪರಿಮಳಾ ಮೇಡಂಗೆ ಫೋನ್ ಮಾಡಿದಳು.

“ಮೇಡಂ, ಕಣ್ಣಿದ್ದಾಗ ಕ್ಲಾಸಿನ್ಯಾಗ ನಾನೂ ಹಿಂಗಽ ವಾದಾ ಮಾಡಿದ್ದೆ, ನಿಯಮ ಬಿಗಿ ಇರ್ಬೇಕು ಅಂತ. ಈಗ ಯಾರ ಮ್ಯಾಲ ಸಿಟ್ಟಾಗ್ಲಿ ಹೇಳ್ರಿ?”

“ಯಾರ ಮೇಲೂ ಬೇಡ ಮಾರಾಯ್ತಿ. ನಾಳೆ ಕಾಲೇಜಿಗೆ ಬಾ, ಕೂತು ನೋಡೋಣ.”

“ಬರೂದಿಲ್ರಿ. ಸಾಕಾಗೇತಿ.”

ಅವ್ವ ಪಾರ್ವತವ್ವ ಊಟಕ್ಕೆ ಕರೆದರೂ ಏಳದೆ, ದಿನಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಕಡೆಗೆ ಮೇಡಮ್ಮೇ ಬಸ್ಸು ಹಿಡಿದು ಕಿರವತ್ತಿಗೆ ಬಂದರು. ದೊಡ್ಡ ಪ್ರೋಗ್ರಾಮನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾವ ತುಂಡೂ ಎರಡು ಹೆಜ್ಜೆಗಿಂತ, ಅಂದರೆ ಎಂಟು ಸ್ಪೇಸಿಗಿಂತ, ಒಳಗೆ ಹೋಗದಂತೆ ಬರೆಯುವುದನ್ನು ಇಬ್ಬರೂ ಕೂಡಿ ರೂಢಿ ಮಾಡಿದರು. ಒಂದು ಸಾಲು ತಪ್ಪಿದರೂ ತನುಜಾ ಕೀಬೋರ್ಡ್ ತಳ್ಳಿ ಅಳುತ್ತಿದ್ದಳು. ಅಳು ನಿಂತ ಮೇಲೆ ಮೇಡಂ ಮತ್ತೆ ಅದೇ ಸಾಲಿನಿಂದ ಶುರು ಮಾಡಿಸುತ್ತಿದ್ದರು.

ಮರುಪರೀಕ್ಷೆಯಲ್ಲಿ ಹೇಗೋ ಪಾಸಾದಳು. ಅಷ್ಟರಲ್ಲಿ ವೇದಿಕೆಯವರು ಅವಳ ಬೇಡಿಕೆಯನ್ನು ಒಪ್ಪದೆಯೇ ಅದರ ಚರ್ಚೆಯನ್ನು ಮುಚ್ಚಿದ್ದರು. ಈಗ ಅವಳು ಯಲ್ಲಾಪುರದ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುತ್ತಾಳೆ, ಬ್ರಾಕೆಟ್ ಇರುವ ಭಾಷೆಯಲ್ಲಿ. ಪೈಥಾನ್ ಹೆಸರೆತ್ತಿದರೆ ಮಾತು ಬದಲಿಸುತ್ತಾಳೆ.