ಕಡ್ಡಿಯ ಸುತ್ತಲ ಕರಿ ಗೆರೆ

ಬುಕಾರಮಾಂಗ ಎಂಬ ಊರಿನ ಆ ಆಸ್ಪತ್ರೆಯಲ್ಲಿ ನರ್ಸ್ ನೊಹೆಮಿ ಎಂದರೆ ಹೊಸ ವೈದ್ಯರಿಗೆಲ್ಲ ಒಳಗೊಳಗೇ ಭಯ. ಇಪ್ಪತ್ತಾರು ವರ್ಷ ಮೂಳೆ ಡಾಕ್ಟರು ವಾಲ್ಬುಯೆನಾ ಅವರ ಪಕ್ಕ ನಿಂತು ಆಪರೇಷನ್ನಿನ ಸಲಕರಣೆ ಎತ್ತಿಕೊಟ್ಟವಳು. ತಪ್ಪು ಸ್ಕ್ರೂ ಕೇಳಿದವರಿಗೆ, "ಇದು ಮೂಳೆ ಕಣಪ್ಪಾ, ಬಾಗಿಲ ಚಿಲಕ ಅಲ್ಲ" ಎನ್ನುತ್ತಿದ್ದಳು. ಅವಳದೇ ಬಲಭುಜ ಸವೆದಾಗ ಲೋಹದ ಕೀಲು ಕೂರಿಸಿದ್ದೂ ವಾಲ್ಬುಯೆನಾ ಅವರೇ. ಬೇರೆಯವರ ಕೈಗೆ ತೋಳು ಕೊಡುವ ಮಾತೇ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ, ಸಲಕರಣೆಯ ಟ್ರೇ ಕಪಾಟಿನಿಂದ ಇಳಿಸುವಾಗ, ಅದೇ ತೋಳು ಟಕ್ಕೆಂದಿತು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಎಕ್ಸ್‌ರೇ ಅವಳೇ ಓದಿದಳು. ತೋಳಿನ ಮೂಳೆಯೊಳಗೆ ಇಳಿಸಿದ್ದ ಕೀಲಿನ ಕಡ್ಡಿ ಮುಗಿಯುವ ಕಡೆ ಮೂಳೆ ಮುರಿದಿತ್ತು. ಕಡ್ಡಿ ಭದ್ರವಾಗಿದ್ದರೆ ಲೋಹದ ಪಟ್ಟಿ ಇಟ್ಟು ತಂತಿ ಬಿಗಿದು ಕೂಡಿಸಬಹುದಿತ್ತು. ಆದರೆ ಕಡ್ಡಿಯ ಸುತ್ತ ದಪ್ಪ ಕರಿ ಗೆರೆ. ಎಂದರೆ ಸುತ್ತಲ ಮೂಳೆ ಸವೆದು ಕಡ್ಡಿ ಸಡಿಲ. ಕಿತ್ತು ಉದ್ದನೆಯದು ಹಾಕಬೇಕು. ಅಂಥ ಗೆರೆ ರಾತ್ರೋರಾತ್ರಿ ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹೋದ ವರ್ಷದ ಎಕ್ಸ್‌ರೇ ಫಿಲ್ಮ್ ತಗೊಂಬಾ, ತಾಯಿ" ಎಂದು ಕಿರಿಯ ವೈದ್ಯೆ ಯುರಾನಿಗೆ ಹೇಳಿದಳು.

ಅದರಲ್ಲೂ ಗೆರೆ ಇತ್ತು, ತೆಳ್ಳಗೆ. ಆಗ ನೋವೆಂದು ಹೋದಾಗ ವಾಲ್ಬುಯೆನಾ ತಾವೇ ಫಿಲ್ಮ್ ನೋಡಿ, "ಕಲ್ಲಿನ ಹಾಗಿದೆ, ಹೋಗು" ಎಂದಿದ್ದರು. ಊರವರ ಫಿಲ್ಮೆಲ್ಲ ಇಣುಕಿ ನೋಡುವ ಹೆಂಗಸು ತನ್ನದನ್ನು ಮಾತ್ರ ಕೇಳಿರಲಿಲ್ಲ. ಅವರೇ ಹೇಳಿದ ಮೇಲೆ ನೋಡುವುದೇನು?

ಸಂಜೆ ವಾಲ್ಬುಯೆನಾ ವಾರ್ಡಿಗೆ ಬಂದರು. ಯುರಾನಿ ಅಲ್ಲೇ ಇದ್ದಳು.

"ಹೋದ ವರ್ಷನೇ ಗೆರೆ ನೋಡಿದ್ರಾ?" ಎಂದು ನೊಹೆಮಿ ಕೇಳಿದಳು.

ಅವರು ಕಿಟಕಿಯತ್ತ ತಿರುಗಿದರು. "ನೋಡ್ದೆ. ಹೇಳಿದ್ರೆ ನೀನು ಆರು ತಿಂಗಳು ರಜಾ ಹೋಗ್ತಿದ್ದೆ. ನೀನಿಲ್ದೆ ನನ್ ಕೈ ಓಡಲ್ಲ ಮಾರಾಯ್ತಿ. ಇನ್ನೊಂದಷ್ಟು ದಿನ ತಡೀತದೆ ಅಂದ್ಕೊಂಡೆ."

ಹೊಗಳಿಕೆಯ ಹಾಗೆ ಹೇಳಿದರು, ನೋಡಿ! ನಂಬಿದ ಮನುಷ್ಯನೇ, ಗೊತ್ತಿದ್ದೂ ಗೊತ್ತಿದ್ದೂ, ವರ್ಷವಿಡೀ ನೊಹೆಮಿಯ ಕೈಯಲ್ಲಿ ಭಾರ ಎತ್ತಿಸಿದ್ದ.

"ನಾಳೆ ನಾನೇ ಸರಿಮಾಡ್ತೀನಿ. ಮೊದಲಿನ ಹಾಗೇ ಆಗತ್ತೆ" ಎಂದರು ವಾಲ್ಬುಯೆನಾ.

ನೊಹೆಮಿ ಯುರಾನಿಯನ್ನು ನೋಡಿದಳು. "ನೀನು ಮಾಡಿದ್ರೆ?"

ಹುಡುಗಿ ಫಿಲ್ಮ್ ಕೈಗೆತ್ತಿಕೊಂಡಳು. "ಇಂಥದ್ದು ನಾನು ಎರಡೇ ಮಾಡಿರೋದು, ಅಮ್ಮ. ಮೂಳೆ ತೀರಾ ಸವೆದಿದೆ. ಯಾರು ಮಾಡಿದ್ರೂ ಕೈ ಭುಜದಿಂದ ಮೇಲೆ ಏಳಲ್ಲ. ಆಪರೇಷನ್ ಥಿಯೇಟರ್ ಕೆಲಸ ಮತ್ತೆ ಆಗಲ್ಲ."

ನೊಹೆಮಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಒಪ್ಪಿಗೆ ಪತ್ರವನ್ನು ಹತ್ತಿರ ಎಳೆದುಕೊಂಡು, ವಾಲ್ಬುಯೆನಾ ಅವರ ಹೆಸರು ಹೊಡೆದುಹಾಕಿ, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಯುರಾನಿಯ ಹೆಸರು ಬರೆದಳು.

"ನೀನೇ ಮಾಡು, ತಾಯಿ" ಎಂದಳು. "ಡಾಕ್ಟ್ರೇ, ನಾಳೆ ನೀವು ಒಳಗೆ ಬರಬೇಡಿ."