ಅಕ್ಕ ಕಲಿತ ಹಕ್ಕು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಧಾರಾವಿಯ ದೊಡ್ಡ ಗಟಾರದ ದಂಡೆಯಲ್ಲಿತ್ತು. ಮನೆ ಎಂದರೆ ನಾಲ್ಕು ಬಿದಿರು, ಮೇಲೆ ಡಾಂಬರಿನ ಪೀಪಾಯಿ ಬಡಿದು ಮಾಡಿದ ತಗಡು. ಹದ ಮಾಡುವ ತೊಗಲಿನ ವಾಸನೆ ಊಟದ ತಟ್ಟೆಗೂ ಬರುತ್ತಿತ್ತು. ಆದರೂ ಅಕ್ಕನಿಗೆ ಆ ಜಾಗವೆಂದರೆ ಪ್ರಾಣ. ಅವಳು ಏಳನೆಯ ಇಯತ್ತೆಗೆ ಹೋಗುತ್ತಿದ್ದ ಕನ್ನಡ ಶಾಲೆ ಅಲ್ಲೇ ಹತ್ತಿರವಿತ್ತು.

ಅವ್ವ ಇರಲಿಲ್ಲ, ರೊಟ್ಟಿ ಬಡಿಯುವುದೂ ಅಕ್ಕನ ಪಾಲಿಗೇ. ಆ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಮೂಲಭೂತ ಹಕ್ಕುಗಳ ಪಾಠ ಬಾಯಿಪಾಠ ಮಾಡುತ್ತಿದ್ದಳು. ಅಪ್ಪ ನಕ್ಕ. ಹಕ್ಕು ಅವನಿಗೂ ಗೊತ್ತಿದ್ದ ಮಾತೇ. ವಿಜಾಪುರದ ಕಡೆಯ ನಮ್ಮ ಊರಲ್ಲಿ ಅಪ್ಪ ವರ್ಷವಿಡೀ ಗೌಡರಿಗೆ ಚಪ್ಪಲಿ, ಬಾರುಕೋಲು ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದ ಅಂಚಿಗೆ ಕೂತು ಹೆಗಲ ಮೇಲಿನ ವಲ್ಲಿ ಹಾಸಿದರೆ ಅವರು ಅದರಲ್ಲಿ ಜೋಳ ಸುರಿಯುತ್ತಿದ್ದರು. ಅದಕ್ಕೇ ಹಕ್ಕು ಎನ್ನುತ್ತಿದ್ದರು. ಊರು ಬಿಟ್ಟಮೇಲೆ ಮುಂಬೈಯಲ್ಲಿ ನಮಗೆಲ್ಲಿಯ ಹಕ್ಕು ಎಂದ. ಹುಟ್ಟಿದವರಿಗೆಲ್ಲ ಅದು ಇದ್ದೇ ಇರುತ್ತದೆ ಎಂದು ಅಕ್ಕ ಹಟ ಹಿಡಿದು ವಾದಿಸಿದಳು.

ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಗುಡಿಸಲು ಕೆಡವುವವರ ಗಾಡಿ ಬಂತು. ಓಣಿಯವರೆಲ್ಲ ಪಾತ್ರೆ, ಹಾಸಿಗೆ ಹೊತ್ತುಕೊಂಡು ಓಡಿದರು. ಅಪ್ಪ ಓಡಲಿಲ್ಲ. ಗಾಡಿಯಿಂದ ಇಳಿದ ಸಾಹೇಬರ ಎದುರು ನೆಲಕ್ಕೆ ಕೂತು, ಕಣದಲ್ಲಿ ಹಾಸುತ್ತಿದ್ದ ಹಾಗೆಯೇ ವಲ್ಲಿ ಹಾಸಿ, ನಮ್ಮ ಹಕ್ಕು ಕೊಡಿ ಎಂದ. ಪಾಪ, ಮಗಳ ಮಾತು ನಂಬಿಬಿಟ್ಟಿದ್ದ. ಆದರೆ ಹಕ್ಕು ಕೇಳುವುದಕ್ಕೆ ಅವನಿಗೆ ಗೊತ್ತಿದ್ದದ್ದು ಅದೊಂದೇ ರೀತಿ. ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಮಾತು, ಸಾಹೇಬರಿಗೆ ತಿಳಿಯದೇ ಇರಲಿಲ್ಲ. ವಲ್ಲಿ ದಾಟಿಕೊಂಡು ಮುಂದೆ ಹೋದರು.

ಅಕ್ಕ ಓಡಿ ಬಂದು ಅಪ್ಪನ ರಟ್ಟೆ ಹಿಡಿದಳು. "ಏಳಪ್ಪಾ. ಹಕ್ಕಂದ್ರ ಬೇಡೂದಲ್ಲ. ನಿಂತ ಕೇಳಬೇಕು."

"ನಿಂತ ಕೇಳೂದು ನನಗ ಯಾರೂ ಕಲಿಸಿಲ್ಲವ್ವಾ" ಎಂದ ಅಪ್ಪ.

ಅಷ್ಟರಲ್ಲಿ ನಮ್ಮ ತಗಡು ದಡಾರನೆ ಕೆಳಗೆ ಬಿತ್ತು. ಅಪ್ಪ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಮಲಾಡಿನಲ್ಲಿ, ಬಿಲ್ಡಿಂಗ್ ಕಟ್ಟುವ ಜಾಗದ ಪಕ್ಕ ಗುಡಿಸಲು ಹಾಕಿಕೊಂಡೆವು. ಅಲ್ಲಿ ಹತ್ತಿರದಲ್ಲಿ ಕನ್ನಡ ಶಾಲೆ ಇರಲಿಲ್ಲ. ಗಂಡುಹುಡುಗನೆಂದು ಅಪ್ಪ ನನ್ನನ್ನು ಮರಾಠಿ ಶಾಲೆಗೆ ಹಾಕಿದ. ಅಕ್ಕ ಇಟ್ಟಿಗೆ ಹೊರಲು ಹೋದಳು.

ಮಕ್ಕಳೇ, ಟೀವಿ ರಿಮೋಟಿಗೆ ಕಿತ್ತಾಡುವಾಗಲೂ ನೀವು ಹಕ್ಕು, ಹಕ್ಕು ಎಂದು ಕೂಗುತ್ತೀರಿ. ಕೂಗಿ, ನನಗೆ ಸಂತೋಷವೇ. ನಿಮ್ಮ ಶಾಲೆಯ ಬಸ್ಸು ಬಿಲ್ಡಿಂಗಿನ ಗೇಟಿಗೇ ಬಂದು ನಿಲ್ಲುತ್ತದೆ. ನೀವು ಹತ್ತುವುದನ್ನು ನೋಡುವಾಗ ನನಗೆ ಅಕ್ಕನ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಆ ಮಾತಿನ ಅರ್ಥ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳಿಗೇ ಅದು ಸಿಗಲಿಲ್ಲ.