ಅತ್ತೆಯ ಚಂದ್ರಿಕೆಗಳು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಚಂದ್ರಿಕೆಗಳಿಗೆ ಬರವಿರಲಿಲ್ಲ, ಆದರೆ ಅವು ಮನೆಯಲ್ಲಿ ಇದ್ದದ್ದೇ ಅಪರೂಪ. ರೇಷ್ಮೆ ಹುಳ ಸಾಕುವವರಿಗೆ ಚಂದ್ರಿಕೆ ಎಂದರೇನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಬಾಗಿಲಷ್ಟು ದೊಡ್ಡ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಬಿದಿರಿನ ಪಟ್ಟಿ. ಸೊಪ್ಪು ತಿಂದು ತಿಂದು ಹಣ್ಣಾದ ಹುಳವನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿ ಸೇರಿಕೊಂಡು ಗೂಡು ಕಟ್ಟುತ್ತದೆ. ಒಂದು ಬೆಳೆಗೆ ಚಂದ್ರಿಕೆಯ ಕೆಲಸ ನಾಲ್ಕೈದು ದಿನದ್ದು. ಅಷ್ಟಕ್ಕಾಗಿ ಊರಿನ ಪ್ರತಿ ಮನೆಯವರೂ ಅಟ್ಟದ ತುಂಬ ಚಂದ್ರಿಕೆ ಪೇರಿಸಿಡುವುದು ದಡ್ಡತನವೆಂದು ನಮ್ಮ ಅತ್ತೆ ಹೇಳುತ್ತಿದ್ದರು. ಆದ್ದರಿಂದ ಅವನ್ನು ಬಾಡಿಗೆಗೆ ಕೊಡುತ್ತಿದ್ದರು.

ಕನಕಪುರ ತಾಲ್ಲೂಕಿನ ನಮ್ಮೂರಿಂದ ಎತ್ತಿನ ಗಾಡಿಯಲ್ಲಿ ಹೊರಟ ಚಂದ್ರಿಕೆ ಕಬ್ಬಾಳಿನ ಕಡೆಯ ಮನೆಯಲ್ಲಿ ಒಂದು ಬೆಳೆ ಮುಗಿಸಿ, ಅಲ್ಲಿಂದ ದೊಡ್ಡಆಲಹಳ್ಳಿ ಕಡೆಗೆ ಹೋಗಿ, ತಿರುಗಿ ನಮ್ಮೂರಿಗೇ ಬರುತ್ತಿತ್ತು. ಮುರಿದು ಬಂದರೆ ಅತ್ತೆ ಬಾಯಿಗೆ ಬಂದಂತೆ ಬೈದು ರಿಪೇರಿ ಮಾಡಿಸುತ್ತಿದ್ದರು. ಮೇದರವರು ಬಂದು ನಮ್ಮ ಹಿತ್ತಲಲ್ಲೇ ಕೂತು ಹೊಸ ಪಟ್ಟಿ ಸೇರಿಸಿ ಕಟ್ಟಿಕೊಡುತ್ತಿದ್ದರು. ರಿಪೇರಿಗೂ ಆಗದೆ ಹೋದದ್ದನ್ನು ಬಿಚ್ಚಿ ಕೋಳಿ ಮುಚ್ಚುವ ಮಂಕರಿಗೆ ಹಾಕುತ್ತಿದ್ದರು. ಮಂಕರಿಯೂ ಮುರಿದ ಮೇಲೆ ನೀರೊಲೆಗೆ, ಒಲೆಯ ಬೂದಿ ಹಿಪ್ಪುನೇರಳೆ ತೋಟಕ್ಕೆ. ನಮ್ಮತ್ತೆ ಸತ್ತ ಚಂದ್ರಿಕೆಗೂ ಕೆಲಸ ಕೊಡುತ್ತಿದ್ದವರು, ಇನ್ನು ಜೀವ ಇದ್ದ ಸೊಸೆಯನ್ನು ಬಿಡುತ್ತಾರೆಯೇ! ಗಾಡಿಗೆ ಹೇರುವುದು, ಇಳಿಸುವುದು, ಸಿಬಿರು ಚುಚ್ಚಿಸಿಕೊಳ್ಳುವುದು ಎಲ್ಲ ನನ್ನ ಪಾಲಿಗೆ. ಹೊಸದರಲ್ಲಿ ನನಗೆ ಆ ಚಂದ್ರಿಕೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಇದಕ್ಕೆ ದೊಡ್ಡ ಹೆಸರಿದೆ. ನನ್ನ ಮಗಳ ಪುಸ್ತಕದಲ್ಲಿ ವೃತ್ತಾಕಾರದ ಆರ್ಥಿಕತೆ ಎಂದು ಬರೆದು, ಒಂದು ಗುಂಡನೆಯ ಚಿತ್ರ ಹಾಕಿ, ಸುತ್ತ ಬಾಣದ ಗುರುತು ಕೊಟ್ಟಿದ್ದಾರೆ. ಒಂದೇ ವಸ್ತುವನ್ನು ಹತ್ತು ಜನ ಹಂಚಿಕೊಳ್ಳಬೇಕು, ಕೆಟ್ಟರೆ ರಿಪೇರಿ ಮಾಡಬೇಕು, ಕೊನೆಗೆ ಮಣ್ಣಿಗೆ ಸೇರಬೇಕು ಎಂದಿದೆ. ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಆ ಬಾಣಗಳ ಹಿಂದೆ ಇನ್ನೇನೇನು ಸುತ್ತಿ ಬರುತ್ತದೆ ಎಂಬುದನ್ನು ಬರೆದವರು ಹೇಳಿಲ್ಲ.

ಅತ್ತೆಯ ಚಂದ್ರಿಕೆಗೆ ಅಷ್ಟು ಬೇಡಿಕೆ ಇದ್ದದ್ದು ಬಿದಿರಿನ ಗಟ್ಟಿತನಕ್ಕಲ್ಲ, ಅವರ ಕೈಗುಣಕ್ಕೆ. ಹುಳ ಹಣ್ಣಾದ ದಿನ ಚಂದ್ರಿಕೆಗೆ ಮೊದಲ ಹಿಡಿ ಹುಳ ಬಿಡಲು ಊರಿನವರು ಅವರನ್ನೇ ಕರೆಯುತ್ತಿದ್ದರು. ಅವರು ಕೈಕಾಲು ತೊಳೆದು, ಸೆರಗು ಸಿಕ್ಕಿಸಿ, ಪೂರ್ವಕ್ಕೆ ನಿಂತು ಬಿಟ್ಟರೆ ಗೂಡು ಗಟ್ಟಿ ಬರುತ್ತದೆ ಎಂಬ ನಂಬಿಕೆ. ಊರಿನಲ್ಲಿ ಹುಟ್ಟಿದ ಎಳೆ ಮಕ್ಕಳಿಗೆ ಮೊದಲು ನೀರು ಹಾಕುತ್ತಿದ್ದದ್ದೂ ಅವೇ ಕೈಗಳು. ನನ್ನ ಮಗಳಿಗೂ ಅವರೇ ಹಾಕಿದ್ದು. ಅಷ್ಟು ಒರಟು ಬಾಯಿಯ ಹೆಂಗಸಿಗೆ ಅಂಥ ಮೆತ್ತನೆಯ ಕೈ ಹೇಗೆ ಬಂತೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಕೈಗುಣದ ಜೊತೆಗೆ ಒಂದು ಪದ್ಧತಿಯೂ ಇತ್ತು. ಗೂಡು ಬಿಡಿಸಿದ ಮೇಲೆ ಚಂದ್ರಿಕೆಯ ಸುರುಳಿಗೆ ರೇಷ್ಮೆಯ ಎಳೆ ಅಂಟಿಕೊಂಡಿರುತ್ತದೆ. ಬೆಳೆ ಕೆಟ್ಟ ಮನೆಯಿಂದ ಬಂದ ಚಂದ್ರಿಕೆಗೆ ಬೆಂಕಿ ತೋರಿಸಿ ಆ ಎಳೆಯನ್ನೆಲ್ಲ ಸುಟ್ಟು, ಬಿಸಿಲಿಗೆ ಹಾಕುತ್ತಿದ್ದರು. ಬೆಳೆ ಚೆನ್ನಾಗಿ ಆದ ಮನೆಯಿಂದ ಬಂದದ್ದನ್ನು ಮಾತ್ರ ಸುಡುತ್ತಿರಲಿಲ್ಲ. ಒಳ್ಳೆಯ ಗೂಡು ಕಟ್ಟಿದ ಎಳೆ, ಅದನ್ನು ಸುಟ್ಟರೆ ಲಕ್ಷ್ಮಿಯನ್ನು ಸುಟ್ಟ ಹಾಗೆ. ಆ ಮನೆಯವರು ಬರಿಯ ಚಂದ್ರಿಕೆ ಕಳಿಸಬಾರದೆಂದು ಒಂದೆರಡು ಗೂಡನ್ನು ಸುರುಳಿಯಲ್ಲೇ ಬಿಡುತ್ತಿದ್ದರು. ಮುಂದಿನ ಮನೆಯವರು ಅದನ್ನು ಕಂಡು ಕಣ್ಣಿಗೊತ್ತಿಕೊಂಡು, ಚಂದ್ರಿಕೆಯನ್ನು ವಾರ ಎರಡು ವಾರ ಮೊದಲೇ ಹುಳದ ಮನೆಯೊಳಗೆ ತಂದು ಗೋಡೆಗೆ ಒರಗಿಸುತ್ತಿದ್ದರು. ಹುಳಗಳ ಜೊತೆ ಅದೂ ಕೂತಿರಲಿ, ಒಳ್ಳೆಯದಾಗುತ್ತದೆ ಎಂದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಬೆಳಗಾದರೆ ಕಂಪನಿ ಬಸ್ಸು, ಯೂನಿಫಾರಂ ಹಾಕಿದ ನಮ್ಮ ಹುಡುಗರು. ಮೇದರ ಮನೆಯ ಗಂಡಸರೂ ಲೋಡಿಂಗ್ ಕೆಲಸಕ್ಕೆ ಹೋದರು, ಹೊಸ ಚಂದ್ರಿಕೆ ಕಟ್ಟುವವರು ಕಡಿಮೆಯಾದರು. ಅದೇ ಹೊತ್ತಿಗೆ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂತು. ಬಿಚ್ಚಿದರೆ ಏಣಿಯಂತೆ ನಿಲ್ಲುತ್ತದೆ, ಮಡಚಿದರೆ ಕಂಕುಳಲ್ಲಿ ಹಿಡಿಸುತ್ತದೆ. ಅದನ್ನು ತೋರಿಸಲು ಬಂದ ರೇಷ್ಮೆ ಇಲಾಖೆಯ ಸಾಹೇಬರ ಮುಂದೆ ಅತ್ತೆ ಹೋಗಿ ನಿಂತರು.

"ಇದು ಮುರುದ್ರೆ ಯಾರಪ್ಪ ಕಟ್ಕೊಡೋರು?"

"ಇದು ಮುರಿಯಲ್ಲ ಅಜ್ಜಿ."

"ಮುರೀದೆ ಇರೋದು ಈ ಭೂಮಿ ಮ್ಯಾಲೆ ಏನೈತೆ, ಒಸಿ ತೋರ್ಸಪ್ಪ ನೋಡವಾ."

ಜನ ನಕ್ಕರು. ಸಾಹೇಬರೂ ನಕ್ಕರು. ಆದರೆ ಹೊರಡುವ ಮುನ್ನ ಅವರು ಗೋಡೆಗೆ ಒರಗಿಸಿದ್ದ ನಮ್ಮ ಚಂದ್ರಿಕೆಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ, "ಇದನ್ನ ಸುಡದೆ ಮನೆಮನೆ ಸುತ್ತಿಸಿದರೆ ರೋಗಾನೂ ಸುತ್ತುತ್ತೆ ಅಜ್ಜಿ" ಎಂದರು. ಅತ್ತೆ ಮುಖ ತಿರುಗಿಸಿದರು. ಆ ಮನುಷ್ಯ ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಅದನ್ನು ಒಪ್ಪಿಕೊಳ್ಳುವಾಗ ನನ್ನ ಬಾಯಿ ಕಹಿಯಾಗುತ್ತದೆ.

ಒಂದೊಂದೇ ಮನೆ ನೇತ್ರಿಕೆಗೆ ಹೋಯಿತು. ನಮ್ಮ ಮನೆಯವರೂ ತಮ್ಮ ತಾಯಿಯ ಜೊತೆ ಅದೇ ಜಗಳ ತೆಗೆದರು. ಬಿಡದೆ ಚಂದ್ರಿಕೆಯನ್ನೇ ಕೇಳುತ್ತಿದ್ದವಳು ಪಕ್ಕದ ಮನೆಯ ಅಕ್ಕ. ಅವಳ ಗಂಡ ಬಿಡದಿಯಲ್ಲಿ ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಸೇರಿ ವಾರಕ್ಕೊಮ್ಮೆ ಬರುತ್ತಿದ್ದ. ಸೊಪ್ಪು ಕೊಯ್ಯುವುದರಿಂದ ಹಿಡಿದು ಹಿಕ್ಕೆ ಬಳಿಯುವವರೆಗೆ ಎಲ್ಲ ಅವಳೊಬ್ಬಳದೇ. "ನಂಗೆ ಪ್ಲಾಸ್ಟಿಕ್ಕು ಬ್ಯಾಡ ದೊಡ್ಡವ್ವ, ನಿನ್ ಕೈ ಇದ್ರೆ ಸಾಕು" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಅತ್ತೆ ನನ್ನನ್ನು ಬೈಯುವುದನ್ನೂ ಮರೆತಿರುತ್ತಿದ್ದರು.

ಆ ಶ್ರಾವಣದಲ್ಲಿ ಬಿಡದೆ ಸೋನೆ ಹಿಡಿದಿತ್ತು. ಕಬ್ಬಾಳಿನ ಕಡೆಯ ಮನೆಯಿಂದ ಚಂದ್ರಿಕೆಗಳು ತಿರುಗಿ ಬಂದವು. ಆ ಮನೆಯವರು ಹೊಸದಾಗಿ ಬಿಳಿಗೂಡಿನ ತಳಿ ಹಾಕಿದ್ದರು, ಬೆಳೆ ಸೊಗಸಾಗಿತ್ತು ಎಂದು ಗಾಡಿಯವನು ಹೇಳಿದ. ನಮ್ಮ ಕಡೆ ಆಗೆಲ್ಲ ಹಳದಿ ಗೂಡೇ ಹೆಚ್ಚು. ಅತ್ತೆ ಮಬ್ಬು ಬೆಳಕಿನಲ್ಲಿ ಸುರುಳಿಯೊಳಗೆ ಇಣುಕಿ ನೋಡಿದರು. ಎಳೆಯ ಕೆಳಗೆ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಕಾಣುತ್ತಿತ್ತು.

"ಬಿಳಿಗೂಡು ಬುಟ್ಟವ್ರೆ ಕಣವ್ವ! ದೊಡ್ ಮನ್ಸು ಅವರ್ದು."

ನಾನು ಒಂದು ಸಲ ಬೆಂಕಿ ತೋರಿಸಿಬಿಡೋಣ, ಬಿಸಿಲೂ ಇಲ್ಲ ಎಂದೆ. "ನಿಂಗೇನ್ ತಲೆ ಕೆಟ್ಟೈತಾ?" ಎಂದು ಗದರಿದರು. ಅದೇ ಸಂಜೆ ಚಂದ್ರಿಕೆಗಳು ಅಕ್ಕನ ಹುಳದ ಮನೆಗೆ ಹೋದವು. ಅವಳ ಹುಳ ಆಗ ಮೂರನೇ ಜ್ವರದಲ್ಲಿದ್ದವು. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ ಮಲಗಿ ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಕಳೆದರೆ ಹುಳ ಗೆದ್ದ ಹಾಗೆ.

ಅವಳ ಹುಳ ನಾಲ್ಕನೇ ಜ್ವರವನ್ನೂ ಕಳೆದವು. ಬೆರಳು ಗಾತ್ರ ಬೆಳೆದು, ಸೊಪ್ಪು ಮೇಯುವ ಸದ್ದು ನಮ್ಮ ಜಗುಲಿಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಆ ಸದ್ದು ಕಡಿಮೆಯಾಗಿತ್ತು. ನಾನು ಹೋಗಿ ನೋಡಿದಾಗ ಅಕ್ಕ ಹುಳದ ತಟ್ಟೆಯ ಮುಂದೆ ಕೂತು ಒಂದೊಂದೇ ಹುಳವನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದಳು. ಸತ್ತ ಹುಳ ಸೆಟೆದುಕೊಂಡಿದ್ದವು. ಮಾರನೆಯ ದಿನಕ್ಕೆ ಅವುಗಳ ಮೈಮೇಲೆ ಬಿಳಿಯ ಪುಡಿ ಎದ್ದಿತು, ಮುಟ್ಟಿದರೆ ಸೀಮೆಸುಣ್ಣದ ತುಂಡಿನಂತೆ ಗಟ್ಟಿ. ಸುಣ್ಣಕಟ್ಟು ರೋಗ. ತಟ್ಟೆಯಿಂದ ತಟ್ಟೆಗೆ ಹರಡಿ, ಮನೆ ತುಂಬ ಇದ್ದ ಹುಳದಲ್ಲಿ ಒಂದು ಮೊರದಷ್ಟೂ ಉಳಿಯಲಿಲ್ಲ. ನಾವಿಬ್ಬರೂ ಸೇರಿ ತಿಪ್ಪೆಯಿಂದಾಚೆ ಗುಂಡಿ ತೆಗೆದು, ಸುಣ್ಣ ಸುರಿದು, ಬುಟ್ಟಿ ಬುಟ್ಟಿ ಹುಳವನ್ನು ಮುಚ್ಚಿದೆವು. ಅಕ್ಕ ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಊರಿನವರು ಮಳೆಯನ್ನು ಬೈದರು, ಮೊಟ್ಟೆ ಕೊಟ್ಟವರನ್ನು ಬೈದರು. ಅತ್ತೆಯ ಹೆಸರನ್ನು ಯಾರೂ ಎತ್ತಲಿಲ್ಲ. ಅವರು ಅಲ್ಲಿಗೇ ಬಿಟ್ಟಿದ್ದರೆ ಇವತ್ತಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಅಕ್ಕನ ಮನೆಯಿಂದ ತಿರುಗಿ ಬಂದ ಚಂದ್ರಿಕೆಗಳನ್ನು ಅಂಗಳಕ್ಕೆ ಹಾಕಿ, ಮಳೆ ನಿಂತ ಬೆಳಕಿನಲ್ಲಿ ಕೂತು, ಸುರುಳಿ ಸುರುಳಿಯನ್ನೂ ಬಿಡಿಸಿ ನೋಡಿದರು. ಅದೃಷ್ಟದ ಬಿಳಿಗೂಡೆಂದು ಅವರು ಕಣ್ಣಿಗೊತ್ತಿಕೊಂಡಿದ್ದು ಗೂಡಾಗಿರಲಿಲ್ಲ. ಗೂಡು ಕಟ್ಟಲು ಹೋಗಿ ಅಲ್ಲೇ ಸತ್ತು, ಸುಣ್ಣಗಟ್ಟಿ, ಎಳೆಯೊಳಗೆ ಸಿಕ್ಕಿಕೊಂಡಿದ್ದ ಹುಳ. ಅತ್ತೆ ಅದನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಕಬ್ಬಾಳಿನ ಕಡೆಯ ಮನೆಯವರಿಗೆ ಕೊನೆಗೊಂದಿಷ್ಟು ಸುಣ್ಣಕಟ್ಟು ಕಂಡಿತ್ತಂತೆ. ಒಳ್ಳೆ ಬೆಳೆಗೆ ದೃಷ್ಟಿಯಾದೀತೆಂದು ಬಾಯಿ ಬಿಟ್ಟಿರಲಿಲ್ಲ. ಅದು ನಮಗೆ ಆಮೇಲೆ ತಿಳಿಯಿತು.

ಅತ್ತೆ ಎದ್ದವರೇ ನೇರ ಅಕ್ಕನ ಮನೆಗೆ ಹೋದರು. ನಾನೂ ಹಿಂದೆ ಓಡಿದೆ.

"ನೋಡವ್ವ, ನನ್ ಚಂದ್ರಿಕೇಲೇ ಬಂದದ್ದು ಇದು. ನಾನೇ ತಂದಾಕ್ಬುಟ್ಟೆ ನಿನ್ ಮನೆಗೆ."

ಅಕ್ಕ ಅವರ ಅಂಗೈಯನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಚಿಲಕ ಹಾಕಲಿಲ್ಲ, ಮುಂದೆ ಮಾಡಿದಳು ಅಷ್ಟೆ.

ಆ ವಾರವೇ ಅತ್ತೆ ಚಂದ್ರಿಕೆಗಳನ್ನೆಲ್ಲ ಹಿತ್ತಲಲ್ಲಿ ಒಟ್ಟಿ ಬೆಂಕಿ ಹಾಕಿದರು. ಎಳೆ ಸುಟ್ಟು ತೊಳೆದರೆ ಸಾಕು, ಚಂದ್ರಿಕೆಯದೇನೂ ತಪ್ಪಿಲ್ಲ ಎಂದು ನಾನು ಕೈಹಿಡಿದು ಹೇಳಿದೆ. ಅಷ್ಟು ವರ್ಷ ಅವುಗಳನ್ನು ಶಪಿಸಿದ್ದ ನಾನೇ ಆವತ್ತು ಅವುಗಳ ಪರ ವಾದಿಸಿದೆ. ಅತ್ತೆ ಕೇಳಲಿಲ್ಲ. ಬಿದಿರ ಗಿಣ್ಣು ಸಿಡಿಯುವ ಸದ್ದಿಗೆ ಊರಿನ ಹೆಂಗಸರೆಲ್ಲ ಬಂದು ಬೇಲಿಯಾಚೆ ನಿಂತು ನೋಡಿ ಹೋದರು.

ಮುಂದಿನ ಬೆಳೆಗೆ ನಮ್ಮ ಮನೆಗೂ ನೇತ್ರಿಕೆ ಬಂತು. ಹುಳ ಹಣ್ಣಾದ ದಿನ ಅತ್ತೆ ಬೆಳಿಗ್ಗೆಯಿಂದ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿಕೊಂಡು ಕೈ ಉಜ್ಜುತ್ತಿದ್ದರು. ಬೆರಳ ಸಂದಿ, ಉಗುರ ಕೆಳಗೆ, ಮೊಣಕೈವರೆಗೆ. ಚರ್ಮ ಬಿಳಿಚಿ ಸುಲಿಯುತ್ತಿತ್ತು. ಸೆರಗು ಸಿಕ್ಕಿಸಿ ಹುಳದ ಮನೆಯ ಹೊಸಲಿಗೆ ಬಂದು ನಿಂತರು. ನಮ್ಮ ಮನೆಯವರು ಬಾಗಿಲಿಗೆ ಅಡ್ಡ ಕೈಯಿಟ್ಟರು.

"ಅವ್ವ, ಈ ದಪ ನೀನು ಬ್ಯಾಡ. ಅವ್ಳೇ ಬುಡ್ತಾಳೆ."

ಅತ್ತೆ ಬೈಯಲಿಲ್ಲ. "ಊಂ, ಅದೂ ಸರೀನೆ" ಎಂದು ತಿರುಗಿದರು. ಗಂಡನ ಮೇಲೆ ನನಗೆ ಅಂಥ ಕೋಪ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಹುಳ ಕಾಯುವುದಿಲ್ಲ. ಹಲ್ಲು ಕಚ್ಚಿಕೊಂಡು ಮೊದಲ ಹಿಡಿಯನ್ನು ನಾನೇ ಬಿಟ್ಟೆ. ಗೂಡು ಚೆನ್ನಾಗಿ ಬಂತು. ಊಟಕ್ಕೆ ಕೂತಾಗಲೆಲ್ಲ ನಮ್ಮ ಮನೆಯವರು ಆ ಮಾತನ್ನೇ ಆಡುತ್ತಿದ್ದರು.

ಆ ನೇತ್ರಿಕೆಗಳೂ ಮುರಿದವು. ಬಿಸಿಲಿಗೆ ಪುಡಿಪುಡಿಯಾಗುತ್ತವೆ, ಗುಜರಿಯವನು ಮುಟ್ಟುವುದಿಲ್ಲ, ಒಲೆಗೆ ಹಾಕಿದರೆ ಕರಿಯ ಹೊಗೆ. ನಮ್ಮ ಹಿತ್ತಲಲ್ಲಿ ಚಂದ್ರಿಕೆ ಸುಟ್ಟ ಜಾಗದಲ್ಲೇ ಅವುಗಳ ರಾಶಿ ಇದೆ, ಅದರ ಮೇಲೆ ಬಳ್ಳಿಯೂ ಹಬ್ಬುವುದಿಲ್ಲ.

ಚಂದ್ರಿಕೆ ಸುಟ್ಟ ವರ್ಷದ ಕೊನೆಗೆ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕನಕಪುರದ ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದ ದಿನ ನಾನು ನೀರು ಕಾಯಿಸಿ, ಮಣೆ ಹಾಕಿ, ಹರಳೆಣ್ಣೆ ಬಿಸಿ ಮಾಡಿಟ್ಟೆ. ಅತ್ತೆ ಕಾಲು ಚಾಚಿ ಕೂರುತ್ತಾರೆ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಳ್ಳುತ್ತಾರೆ ಎಂದು ಕಾದೆವು. ಅವರು ಬಚ್ಚಲ ಬಾಗಿಲಲ್ಲೇ ನಿಂತಿದ್ದರು.

"ಬಾರವ್ವ, ತಕೋ ಮಗೀನ" ಎಂದು ನಾದಿನಿ ಮಗುವನ್ನು ಚಾಚಿದಳು.

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಎಳೇದು ಕಣವ್ವ ಅದು. ನನ್ ಕೈ ಬ್ಯಾಡ."